ಮಳೆ ಇಲ್ಲದ ದಿನದ ಸೊನ್ನೆ

ಇದನ್ನು ಹೇಳಬೇಕು ಎಂದುಕೊಂಡು ನಾಲ್ಕು ಮಳೆಗಾಲ ಮುಂದೂಡಿದ್ದೇನೆ. ಮೊದಲ ವರ್ಷ ಕಣ್ಣಿನ ಪೊರೆ ತೆಗೆಸಿಕೊಳ್ಳುವುದಿತ್ತು. ಎರಡನೆಯ ವರ್ಷ ಒಳ್ಳೆಯ ಪೆನ್ನು ಇರಲಿಲ್ಲ. ಮೂರನೆಯ, ನಾಲ್ಕನೆಯ ವರ್ಷ ಯಾವ ನೆಪವೂ ಸಿಗಲಿಲ್ಲ, ಆದರೂ ಬರೆಯಲಿಲ್ಲ. ಈಗ ಎಪ್ಪತ್ತಮೂರು ತುಂಬಿದೆ. ಇನ್ನೂ ಮುಂದೂಡಿದರೆ ನನ್ನ ತಿಥಿಯ ದಿನ ಬೇರೆ ಯಾರಾದರೂ ಹೇಳಬೇಕಾಗುತ್ತದೆ, ಅವರಿಗೆ ಕಂಪೈಲರ್ ಎಂದರೇನೆಂದು ಗೊತ್ತಿರುವುದಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ. ಆದರೆ ತಪ್ಪೆಲ್ಲ ಅದರ ತಲೆಗೆ ಹೋಗುವಾಗ ಸುಮ್ಮನಿದ್ದು ಬಚಾವಾದವನು ನಾನು. ಹಾಗಾಗಿ ಅಷ್ಟಿಷ್ಟು ತಿಳಿದುಕೊಂಡಿದ್ದೇನೆ.

ನಾನು ಕೊಡ್ಲಿಪೇಟೆ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸು, ಗಣಿತದಲ್ಲಿ ಮೂವತ್ತೈದು. ಅಷ್ಟು ಓದಿಗೆ ನೆಲ್ಯಹುದಿಕೇರಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ರೈಟರ್ ಎಂದರೆ ಸಾಹಿತಿ ಅಲ್ಲ. ಬೆಳಿಗ್ಗೆ ಆಳುಗಳಿರುವ ಲೈನ್ ಮನೆಗಳ ಮುಂದೆ ನಿಂತು ಅವರ ಹಾಜರಿ ಬರೆಯುವವನು, ಯಾರು ಯಾವ ಕಡೆ ಹೋಗಬೇಕೆಂದು ಕೂಗುವವನು, ಕೊನೆಗೆ ಮಳೆ ಅಳೆಯುವವನು. ಈ ಕೊನೆಯ ಕೆಲಸದ ಗೌರವ ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಮ್ಮ ತೋಟದವರು ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲು ಮಳೆಮಾಪಕ ನೋಡುತ್ತಾರೆ. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು ಅನ್ನುತ್ತೇವೆ. ಮದುವೆಮನೆಯಲ್ಲಿ ಸಿಕ್ಕವರು ಊಟ ಆಯಿತೇ ಎಂದು ಕೇಳುವುದಿಲ್ಲ, ನಿಮ್ಮಲ್ಲಿ ಎಷ್ಟು ಸೆಂಟು ಎಂದು ಕೇಳುತ್ತಾರೆ. ಪಕ್ಕದ ತೋಟಕ್ಕೆ ಹತ್ತು ಸೆಂಟು ಜಾಸ್ತಿ ಬಿದ್ದಿದ್ದರೆ ಪಾಯಸ ಸಪ್ಪೆಯಾಗುತ್ತದೆ.

ರೈಟರಾದ ಮೊದಲ ವರ್ಷ ನಾನು ಮಳೆ ಬಾರದ ದಿನಗಳಿಗೆಲ್ಲ ರಿಜಿಸ್ಟರಿನಲ್ಲಿ ದುಂಡಗೆ ಸೊನ್ನೆ ಬರೆದೆ. ಫೆಬ್ರವರಿ ಪೂರ್ತಿ ಸೊನ್ನೆ, ಮಾರ್ಚ್ ಅರ್ಧ ಸೊನ್ನೆ. ಕಾಫಿ ಹೂ ಬಿಡಬೇಕಾದರೆ ಆಗ ಒಂದು ಮಳೆ ಬೀಳಲೇಬೇಕು. ಅದು ಬರಲಿಲ್ಲ. ಮ್ಯಾನೇಜರು ರಿಜಿಸ್ಟರ್ ತೆರೆದು ನೋಡಿದರು.

"ಏನಯ್ಯ ಇದು, ಪುಟದ ತುಂಬ ಮೊಟ್ಟೆ ಇಟ್ಟಿದ್ದೀಯ?"

"ಮಳೆ ಬಂದಿಲ್ಲ ಸಾರ್."

"ನೀನು ಸೊನ್ನೆ ಬರೆದು ಬಾಗಿಲು ಹಾಕಿದ್ರೆ ಅದು ಎಲ್ಲಿಂದ ಬರ್ತದೆ? ಜಾಗ ಖಾಲಿ ಬಿಡು. ಬಂದ್ರೆ ಕೂತ್ಕೊಳ್ತದೆ."

ಬ್ಲೇಡು ತೆಗೆದುಕೊಂಡು ಸೊನ್ನೆಗಳನ್ನೆಲ್ಲ ಕೆರೆದು ತೆಗೆದೆ. ನಾಲ್ಕನೇ ದಿನ ಹೂಮಳೆ ಬಂತು. ಮೋಡಗಳು ನನ್ನ ಬ್ಲೇಡಿಗೆ ಹೆದರಿ ಬಂದವೆಂದು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅಲ್ಲಿಂದ ಮುಂದೆ ಸರ್ವಿಸಿನ ಕೊನೆಯವರೆಗೂ ಮಳೆ ಪುಟದಲ್ಲಿ ಒಂದೇ ಒಂದು ಸೊನ್ನೆ ಬರೆಯಲಿಲ್ಲ. ನಂಬಿಕೆ ಇಲ್ಲದವನಿಗೂ ಭಯ ಇರಬಹುದು. ನನ್ನ ದೇವರ ಭಕ್ತಿಯೂ ಬಹುಮಟ್ಟಿಗೆ ಇದೇ ತರಹದ್ದು.

ರಿಟೈರಾದ ಮೇಲೆ ಮಡಿಕೇರಿಯಲ್ಲಿ ಒಂದು ಬೆಳೆಗಾರರ ಸಂಘದ ಆಫೀಸಿಗೆ ಸೇರಿದೆ. ಕೆಲಸ ಇಷ್ಟೇ. ಬೆಳಿಗ್ಗೆ ಒಂದೊಂದೇ ತೋಟದಿಂದ ಫೋನು ಬರುತ್ತದೆ, ಅವರವರ ಮಳೆ ಹೇಳುತ್ತಾರೆ, ನಾನು ವರಾಂಡದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಪೇಟೆಗೆ ಬಂದ ಸದಸ್ಯರು ಜೀಪು ನಿಲ್ಲಿಸಿ, ಮೆಟ್ಟಿಲು ಹತ್ತಿ, ಹಲಗೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರ ಬೆನ್ನ ಹಿಂದೆ ಸೀಮೆಸುಣ್ಣ ಹಿಡಿದು ನಿಂತ ನನಗೆ ಮಳೆಯನ್ನು ನಾನೇ ಹಂಚುತ್ತಿದ್ದೇನೆ ಅನ್ನಿಸುತ್ತಿತ್ತು.

ಒಂದು ಜೂನ್ ತಿಂಗಳಲ್ಲಿ ಸಂಘದ ಅಧ್ಯಕ್ಷರು ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದರು. ಮೂವತ್ತರ ಆಸುಪಾಸು, ಪಾಲಿಟೆಕ್ನಿಕ್ ಓದಿದವಳು.

"ರೈಟ್ರೇ, ಇನ್ನು ಬೋರ್ಡು ಬೇಡ. ಇವರು ಪ್ರೋಗ್ರಾಂ ಬರೀತಾರೆ. ನೀವು ನಂಬರ್ ಒತ್ತಿದ್ರೆ ಸಾಕು, ಚಾರ್ಟ್ ಅದೇ ಬರ್ತದೆ."

"ಬೋರ್ಡಿಗೆ ಏನಾಗಿದೆ ಸಾರ್?"

"ಬೋರ್ಡಿಗೆ ಎಂತದೂ ಆಗ್ಲಿಲ್ಲ. ನಿಮ್ಮ ಕೈಬರಹಕ್ಕೆ ಆಗಿದೆ. ಮೊನ್ನೆ ನಮ್ಮ ತೋಟದ ಒಂದು ಇಂಚನ್ನ ಏಳು ಅಂತ ಓದಿ ನಾಲ್ಕು ಜನ ಫೋನ್ ಮಾಡಿದ್ರು, ಮನೆ ಉಂಟಾ ಇಲ್ವಾ ಅಂತ."

ಅವಳು ನಗಲಿಲ್ಲ. ನನ್ನ ಮುಖ ನೋಡುತ್ತಲೇ ಇದ್ದಳು.

"ಸಾರ್, ನೀವು ನಮ್ಮಮ್ಮನ ರೈಟರ್ ಅಲ್ವಾ?"

ತಾಯಿ ನಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಬರುತ್ತಿದ್ದವಳಂತೆ. ಇವಳು ಹುಟ್ಟಿದ್ದು ಅಲ್ಲಿನ ಲೈನ್ ಮನೆಯಲ್ಲಿ.

"ಹಾಜರಿಗೆ ತಡ ಆದ್ರೆ ನೀವು ಅಮ್ಮನ್ನ ವಾಪಸ್ ಕಳಿಸ್ತಿದ್ರಂತೆ."

"ಒಂದ್ಸಲ ಕಳಿಸಿರಬಹುದು ಕಣಮ್ಮ."

"ಹನ್ನೊಂದು ಸಲ ಅಂತ ಹೇಳ್ತಾರೆ ಅಮ್ಮ," ಎಂದು ಆಗ ನಕ್ಕಳು.

ಅವಳನ್ನು ತಗೊಂಡದ್ದು ಆರು ತಿಂಗಳ ಮಟ್ಟಿಗೆ. ನವೆಂಬರಿನ ಮಹಾಸಭೆಯಲ್ಲಿ ಎಲ್ಲರೆದುರು ಪ್ರೋಗ್ರಾಂ ಓಡಿ ಚಾರ್ಟ್ ಬಂದರೆ ಕೆಲಸ ಖಾಯಂ, ಬರದಿದ್ದರೆ ನಮಸ್ಕಾರ. ಇದನ್ನು ಅವಳೇ ಹೇಳಿದಳು, ಚಹಾ ಕುಡಿಯುತ್ತಾ. "ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಅಮ್ಮನ ಹತ್ರ ಹೋಗ್ಬಹುದು ಸಾರ್. ಓದಿದ್ದಕ್ಕೂ ಸಂಬಂಧ ಉಂಟು. ಇಂಥ ಕೆಲಸ ಈ ಜಿಲ್ಲೆಯಲ್ಲಿ ನನಗೆ ಇನ್ನೊಂದು ಸಿಗ್ಲಿಕ್ಕಿಲ್ಲ."

ನನಗೆ ಕಲಿಸಿದ್ದು ಎರಡೇ ವಿಷಯ. ತೋಟದ ನಂಬರ್ ಒತ್ತಿ, ಸೆಂಟು ಒತ್ತಿ. "ಮಳೆ ಇಲ್ಲದಿದ್ರೆ ಸೊನ್ನೆ ಒತ್ತಿ ಸಾರ್. ಖಾಲಿ ಬಿಡ್ಬೇಡಿ."

"ಆಯ್ತು ಕಣಮ್ಮ," ಎಂದೆ. ಜೂನ್ ತಿಂಗಳಲ್ಲಿ ಹಾಗೆ ಹೇಳುವುದು ಸುಲಭ. ಜುಲೈ ಬಂತು, ಆಗಸ್ಟ್ ಬಂತು, ಯಾವ ತೋಟದಿಂದಲೂ ಮಳೆ ಇಲ್ಲವೆಂಬ ಫೋನು ಬರಲಿಲ್ಲ. ಬರೆದ ಪ್ರೋಗ್ರಾಮನ್ನು ಮೂರು ತಿಂಗಳು ದಿನಾ ಓಡಿಸಿದರೂ ಅದಕ್ಕೆ ಒಮ್ಮೆಯೂ ಸೊನ್ನೆಯ ಮುಖ ಕಾಣಿಸದಿದ್ದದ್ದು ನಮ್ಮ ಜಿಲ್ಲೆಯಲ್ಲಿ ಮಾತ್ರ ಆಗಬಹುದಾದ ಮಾತು.

ಸೆಪ್ಟೆಂಬರ್ ಕೊನೆಗೆ ಎರಡು ಸಂಗತಿ ಒಂದೇ ವಾರ ನಡೆದವು. ಹಳೆಯ ರಿಜಿಸ್ಟರುಗಳ ಮಳೆಯನ್ನೆಲ್ಲ, ಖಾಲಿ ಇದ್ದಲ್ಲಿ ತಾನೇ ಸೊನ್ನೆ ಹಾಕಿ, ಅವಳು ಒಳಗೆ ತುಂಬಿಸಿದ್ದಳು, ಚಾರ್ಟ್ ಬರುವಷ್ಟರಲ್ಲಿ ಚಹಾ ಆರಿ ಹೋಗುತ್ತಿತ್ತು. ಅಧ್ಯಕ್ಷರು ಗೊಣಗಿದರು. ಅವಳು ಏನೋ ಬದಲಾಯಿಸಿದಳು, ಚಾರ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

"ಏನು ಮಾಡಿದೆ?"

"ನಾನು ಬರೆದದ್ದು ಯಂತ್ರಕ್ಕೆ ನೇರ ಅರ್ಥ ಆಗಲ್ಲ ಸಾರ್. ಕಂಪೈಲರ್ ಅಂತ ಉಂಟು, ಅದು ಯಂತ್ರದ ಭಾಷೆಗೆ ತಿರುಗಿಸಿ ಕೊಡ್ತದೆ. ಅದಕ್ಕೆ ಓ ಸೊನ್ನೆ ಅಂತ ಹೇಳಿದ್ರೆ ನಾನು ಬರೆದದ್ದನ್ನ ಬರೆದ ಹಾಗೇ ತಿರುಗಿಸ್ತದೆ. ಓ ಎರಡು ಅಂದ್ರೆ ಸ್ವಂತ ಬುದ್ಧಿ ಹಾಕಿ, ಬೇಡದ್ದು ಬಿಟ್ಟು, ಚುರುಕು ಮಾಡ್ತದೆ. ಆಪ್ಟಿಮೈಸೇಶನ್ ಅಂತಾರೆ."

"ಮೇಸ್ತ್ರಿ ಥರ."

"ಹಾಂ, ಒಳ್ಳೆ ಮೇಸ್ತ್ರಿ ಥರ."

"ಒಳ್ಳೆ ಮೇಸ್ತ್ರೀನ ನಾನು ಕಂಡಿಲ್ಲ ಕಣಮ್ಮ."

ಎರಡನೆಯ ಸಂಗತಿ, ಅದೇ ವಾರ ಬಿಸಿಲು ಬಂತು. ಒಂದು ತೋಟದವರು ಫೋನು ಮಾಡಿ "ನಿಲ್", ಮಳೆ ಇಲ್ಲ ಅಂದರು. ನಾನು ತೋಟದ ನಂಬರ್ ಒತ್ತಿದೆ. ಸೊನ್ನೆಯ ಮೇಲೆ ಬೆರಳು ಹೋಯಿತು, ನಿಂತಿತು. ಮ್ಯಾನೇಜರು ಸತ್ತು ಎಷ್ಟೋ ವರ್ಷವಾಗಿದೆ, ಆದರೂ ಬೆನ್ನ ಹಿಂದೆ ನಿಂತು ಕೆಮ್ಮಿದ ಹಾಗಾಯಿತು. ಖಾಲಿ ಬಿಟ್ಟೆ. ಪ್ರೋಗ್ರಾಂ ಓಡಿಸಿದೆ. ಪರದೆಯ ಮೇಲೆ ಸೆಗ್ಮೆಂಟೇಶನ್ ಫಾಲ್ಟ್ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ಎಲ್ಲ ನಿಂತುಹೋಯಿತು. ಆ ಎರಡು ಪದಗಳ ಸ್ಪೆಲ್ಲಿಂಗು ನನಗೆ ಇವತ್ತಿಗೂ ಬಾಯಿಪಾಠ.

ಅವಳ ಬಸ್ಸು ಬರುವುದು ಹತ್ತೂವರೆಗೆ. ಬಂದವಳು ಪರದೆ ನೋಡಿದಳು.

"ಸಾರ್, ನಂಬರೆಲ್ಲ ಸರಿ ಹಾಕಿದ್ರಲ್ಲ? ಮಳೆ ಇಲ್ಲದ್ದಕ್ಕೆ ಸೊನ್ನೆ?"

"ಹಾಕಿದ್ದೀನಿ ಕಣಮ್ಮ."

ಸುಳ್ಳು ಇಷ್ಟು ಸಲೀಸಾಗಿ ಬಂತು. ಬ್ಯಾಗು ಇಟ್ಟು ಬರುತ್ತೇನೆಂದು ಅವಳು ಒಳಗೆ ಹೋದಳು. ಸಿಕ್ಕಿಬೀಳುವ ಭಯಕ್ಕೆ ನಾನು ಗಡಬಡಿಸಿ ಆ ಖಾಲಿ ಜಾಗದಲ್ಲಿ ಸೊನ್ನೆ ತುಂಬಿದೆ. ಅವಳು ಬಂದು ಓಡಿಸಿದಳು. ಚಾರ್ಟ್ ಬಂತು, ಮದುಮಗಳ ಹಾಗೆ.

ಅಲ್ಲಿಗೆ ಮುಗಿಯಬಹುದಿತ್ತು. ಮಾರನೆಯ ದಿನವೂ ನಾನು ಖಾಲಿ ಬಿಟ್ಟೆ, ಪ್ರೋಗ್ರಾಂ ಮತ್ತೆ ಬಿತ್ತು, ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಸೊನ್ನೆ ತುಂಬಿದೆ. ನನ್ನೊಬ್ಬನೆದುರು ಬೀಳುತ್ತದೆ, ಅವಳೆದುರು ಓಡುತ್ತದೆ. ಅವಳಿಗೆ ತಲೆ ಕೆಟ್ಟಿತು. ಒಂದು ಸಂಜೆ ಕಂಪೈಲರಿಗೆ ಓ ಸೊನ್ನೆ ಎಂದು ಹೇಳಿ ಬಿಟ್ಟುಹೋದಳು, ಮರುದಿನ ಬೆಳಿಗ್ಗೆ ನಾನು ಖಾಲಿ ಬಿಟ್ಟರೂ ಬೀಳಲಿಲ್ಲ. ಓ ಎರಡು ಎಂದು ಬಿಟ್ಟುಹೋದಳು, ಬಿತ್ತು. ಒಳಗೆ ಏನು ನಡೆಯುತ್ತದೆಂದು ನೋಡಲು ನಡುನಡುವೆ ಸುದ್ದಿ ಹೇಳುವ ಸಾಲುಗಳನ್ನು ಸೇರಿಸಿಹೋದಳು, ಬೀಳಲಿಲ್ಲ. ಆ ಸಾಲುಗಳನ್ನು ತೆಗೆದಳು, ಬಿತ್ತು. ರೈಟರ್ ನೋಡುತ್ತಿದ್ದರೆ ಕತ್ತಿ ಬೀಸುವ, ತಿರುಗಿದರೆ ಬೀಡಿ ಹಚ್ಚುವ ಆಳುಗಳನ್ನು ನಾನು ಕಂಡವನು. ಯಂತ್ರವೂ ನಮ್ಮ ಪೈಕಿಯೇ ಎಂದು ಖುಷಿಯಾಯಿತು.

ಒಂದು ಬೆಳಿಗ್ಗೆ ಅವಳು ಮೆಟ್ಟಿಲು ಓಡಿ ಹತ್ತಿ ಬಂದಳು.

"ಸಾರ್, ಸಿಕ್ತು. ಸೊನ್ನೆ ಹಾಕಿದ್ರೆ ಓಡ್ತದೆ. ಹಾಕದಿದ್ರೆ ಬೀಳ್ತದೆ. ಎಲ್ಲ ಸೊನ್ನೆದೇ ಆಟ."

ನಾನು ಚಹಾ ಕೆಳಗಿಟ್ಟೆ. "ಯಾವ ಸೊನ್ನೆ ಕಣಮ್ಮ?"

"ಓ ಸೊನ್ನೆ ಸಾರ್, ಕಂಪೈಲರ್‌ದು. ಓ ಎರಡು ಹಾಕಿದಾಗ ಮಾತ್ರ ತೊಂದರೆ. ಅದು ಬುದ್ಧಿವಂತಿಕೆ ಮಾಡ್ಲಿಕ್ಕೆ ಹೋಗಿ ಏನೋ ಹಾಳು ಮಾಡ್ತಾ ಉಂಟು."

ನಾನು ಜೋರಾಗಿ ನಕ್ಕೆ. ಅವಳಿಗಾಗಿ ಸಂತೋಷಪಟ್ಟೆ ಎಂದುಕೊಂಡು ಅವಳೂ ನಕ್ಕಳು. ಹೋಟೆಲಿನಿಂದ ಅವಳಿಗೆ ಬನ್ಸ್ ತರಿಸಿದೆ. ಪಾಪದವನು ಪುಣ್ಯಾತ್ಮನಂತೆ ಕಾಣುವುದು ಎಷ್ಟು ಅಗ್ಗವೆಂದು ಅವತ್ತು ಗೊತ್ತಾಯಿತು.

ಭಯದಿಂದ ಶುರುವಾದದ್ದು ಅಷ್ಟು ಹೊತ್ತಿಗೆ ರುಚಿ ಹತ್ತಿಸಿತ್ತು. ಪ್ರೋಗ್ರಾಂ ಬಿದ್ದ ಬೆಳಿಗ್ಗೆಗಳಲ್ಲಿ ಸದಸ್ಯರು ಬಂದು, "ಎಂತ ರೈಟ್ರೇ, ನಿಮ್ಮ ಸೊಸೆಗೆ ಜ್ವರವಾ?" ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿ ಹಲಗೆಯ ಮುಂದೆ ನಿಲ್ಲುತ್ತಿದ್ದರು. ನಾನು ಮೂಲೆಯಿಂದ ಸೀಮೆಸುಣ್ಣ ತೆಗೆಯುತ್ತಿದ್ದೆ.

ಓ ಸೊನ್ನೆಯಲ್ಲೇ ಬಿಡೋಣ ಎಂದು ಅವಳು ಕೇಳಿದಳು. ಅಧ್ಯಕ್ಷರು ಒಪ್ಪಲಿಲ್ಲ. ಮಹಾಸಭೆಯಲ್ಲಿ ಯಾರು ಯಾವ ವರ್ಷ ಕೇಳಿದರೂ ಆ ಕ್ಷಣ ಬರಬೇಕು, ತಡವಾದರೆ ಜನ ಊಟಕ್ಕೆ ಎದ್ದುಹೋಗುತ್ತಾರೆ ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಪಂದಿ ಕರಿಯ ಹಂದಿಮಾಂಸ ಬೇಯುವ ವಾಸನೆ ಬಂದ ಮೇಲೆ ನಮ್ಮ ಸದಸ್ಯರನ್ನು ಹಿಡಿದು ಕೂರಿಸುವ ಪ್ರೋಗ್ರಾಂ ಇನ್ನೂ ಯಾರೂ ಬರೆದಿಲ್ಲ.

ಅವಳು ಓ ಎರಡನ್ನೇ ಇಟ್ಟುಕೊಂಡು ಎಲ್ಲೆಲ್ಲೋ ಸಾಲುಗಳನ್ನು ಹಿಂದೆ ಮುಂದೆ ಮಾಡಿದಳು. ಮಹಾಸಭೆಗೆ ಮುಂಚಿನ ನಾಲ್ಕು ದಿನ ಪ್ರೋಗ್ರಾಂ ಒಮ್ಮೆಯೂ ಬೀಳಲಿಲ್ಲ. ರೋಗ ವಾಸಿಯಾಯಿತೆಂದು ಅವಳು ನಂಬಿದಳು. ಆ ನಾಲ್ಕು ದಿನ ಸಮುದ್ರದಲ್ಲೆಲ್ಲೋ ಗಾಳಿ ಎದ್ದು ಇಡೀ ಜಿಲ್ಲೆಗೆ ಮಳೆ ಹಿಡಿದಿತ್ತು. ಖಾಲಿ ಬಿಡಲು ನನಗೆ ಜಾಗವೇ ಇರಲಿಲ್ಲ. ಇದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಮಹಾಸಭೆಯ ಬೆಳಿಗ್ಗೆ ಚೊಕ್ಕ ಬಿಸಿಲು. ಅವಳು ಹೊಸ ಸೀರೆ ಉಟ್ಟು ಮೊದಲ ಬಸ್ಸಿಗೇ ಬಂದಿದ್ದಳು. ಪರದೆ ಹಾಕಲು, ವೈರು ಎಳೆಯಲು ಸಭಾಂಗಣಕ್ಕೆ ಹೋದಳು. ಹೋಗುವಾಗ ಹೇಳಿದಳು, "ಇವತ್ತಿನ ನಂಬರ್ ನೀವು ಹಾಕ್ಬಿಡಿ ಸಾರ್. ನನಗೆ ಅಲ್ಲಿ ಕೆಲಸ ತುಂಬ ಉಂಟು."

ಏಳು ತೋಟಗಳಿಂದ ಮಳೆ ಇಲ್ಲ ಎಂದು ಫೋನು ಬಂತು. ನಾನು ಕುಳಿತೆ. ಅವತ್ತು ಮ್ಯಾನೇಜರು ಬೆನ್ನ ಹಿಂದೆ ಕೆಮ್ಮಲಿಲ್ಲ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಏಳು ಸಲ ಸೊನ್ನೆ ಒತ್ತಿದ್ದರೆ ಅವಳ ಕೆಲಸ ಖಾಯಂ ಆಗುತ್ತಿತ್ತು. ಏಳನ್ನೂ ಖಾಲಿ ಬಿಟ್ಟೆ. ರೂಢಿ ಎಂದು ಇಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅವತ್ತಿನದು ರೂಢಿ ಅಲ್ಲ, ಹೊಟ್ಟೆಕಿಚ್ಚು.

ಸಭಾಂಗಣ ತುಂಬಿತ್ತು. ಅವಳು ಮೈಕಿನಲ್ಲಿ ಎರಡು ಮಾತು ಹೇಳಿ ಪ್ರೋಗ್ರಾಂ ಓಡಿಸಿದಳು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆ ಒಂದು ಸಾಲು ಬಂತು. ಮತ್ತೆ ಓಡಿಸಿದಳು. ಮತ್ತೆ ಅದೇ.

"ಎಂತಾಯ್ತಮ್ಮ?" ಎಂದರು ಅಧ್ಯಕ್ಷರು.

"ಕಂಪೈಲರ್ ಆಪ್ಟಿಮೈಸೇಶನ್‌ದು ತೊಂದರೆ ಸಾರ್. ಐದು ನಿಮಿಷ ಕೊಡಿ."

"ಕಂಪೈಲರ್ ಅಂದ್ರೆ ಯಾರು? ಅವರನ್ನೂ ಕರೀಬೇಕಿತ್ತು ನಾವು."

ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ, "ರೈಟ್ರೇ, ಬೋರ್ಡ್ ತನ್ನಿ ಮಾರಾಯ್ರೆ," ಎಂದು ಕೂಗಿದರು. ನಾನು ವರಾಂಡಕ್ಕೆ ಹೋಗಿ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದೆ. ಬೆಳಿಗ್ಗೆಯೇ ಬರೆದಿಟ್ಟಿದ್ದೆ, ಒಂದೂ ಏಳೂ ಬೇರೆ ಬೇರೆ ಕಾಣುವಂತೆ ಜಾಗ್ರತೆಯಿಂದ. ಜನ ಚಪ್ಪಾಳೆ ತಟ್ಟಿದರು. ಹಲಗೆಯ ಮರೆಯಲ್ಲಿ ನನ್ನ ಮುಖ ಯಾರಿಗೂ ಕಾಣಲಿಲ್ಲ. ಅವಳು ವೈರು ಸುತ್ತುತ್ತಿದ್ದಳು.

ಹದಿನೈದು ದಿನ ಬಿಟ್ಟು ಆಫೀಸಿನ ಕೀಲಿಕೈ ಒಪ್ಪಿಸಲು ಬಂದಳು. ಕೂತ್ಕೋ ಎಂದೆ. ಕೂರಲಿಲ್ಲ.

"ತಪ್ಪು ಕಂಪೈಲರ್‌ದಲ್ಲ ಸಾರ್. ನನ್ನದೇ. ಮೊನ್ನೆ ಮನೆಯಲ್ಲಿ ಓಡಿಸುವಾಗ ಕೈತಪ್ಪಿ ಒಂದು ಜಾಗ ಖಾಲಿ ಬಿಟ್ಟೆ, ಬಿತ್ತು. ಆಗ ಗೊತ್ತಾಯ್ತು. ಸೆಂಟು ಇಟ್ಟುಕೊಳ್ಳುವ ಜಾಗಕ್ಕೆ ನಾನು ಮೊದಲೇ ಸೊನ್ನೆ ಕೊಟ್ಟು ಇಡಬೇಕಿತ್ತು, ಕೊಟ್ಟಿರಲಿಲ್ಲ. ಓ ಸೊನ್ನೆಯಲ್ಲಿ ಅದೃಷ್ಟಕ್ಕೆ ಅಲ್ಲಿ ಸೊನ್ನೆಯೇ ಇರ್ತಿತ್ತು, ಹಾಗಾಗಿ ಖಾಲಿ ಬಿಟ್ರೂ ನಡೀತಿತ್ತು. ಓ ಎರಡರಲ್ಲಿ ಹಿಂದಿನ ಲೆಕ್ಕದ ಯಾವುದೋ ಕಸ ಕೂತಿರ್ತಿತ್ತು. ಆ ಕಸವನ್ನೇ ಮಳೆ ಅಂತ ತಿಳ್ಕೊಂಡು ಚಾರ್ಟಿನ ಆಚೆಗೆ ಗೆರೆ ಎಳೀಲಿಕ್ಕೆ ಹೋಗಿ ಸಾಯ್ತಿತ್ತು. ಒಂದೇ ಒಂದು ಸೊನ್ನೆ ಸಾರ್. ಈಗ ಹಾಕಿದ್ದೇನೆ."

"ಸರಿ ಆಯ್ತಲ್ಲ," ಎಂದೆ.

"ನೀವು ಸೊನ್ನೆ ಹಾಕಿದ್ದೀನಿ ಅಂದ್ರಿ. ಹಾಗಾಗಿ ಆ ಕಡೆ ನೋಡಿರ್ಲಿಲ್ಲ." ಕೀಲಿಕೈ ಮೇಜಿನ ಮೇಲಿಟ್ಟಳು. "ಯಾವಾಗ್ಲೋ ಕೈತಪ್ಪಿ ಬಿಟ್ಟುಹೋಗಿರ್ಬೇಕು, ನನ್ನ ಹಾಗೆ. ನಡುವಲ್ಲಿ ಒಂದಿನ ನೀವೇ ಏನೋ ಮಾಡ್ತಿದ್ದೀರಾ ಅಂತ ಸಂಶಯಪಟ್ಟೆ ಸಾರ್. ದೊಡ್ಡವರು ನೀವು. ಕ್ಷಮಿಸಿ."

"ಇರ್ಲಿ ಬಿಡಮ್ಮ," ಎಂದೆ.

ಹೌದು, ಕ್ಷಮಿಸಿಬಿಟ್ಟೆ.

"ಅಧ್ಯಕ್ಷರಿಗೆ ಒಂದು ಮಾತು ಹೇಳ್ತೀರಾ? ಸರಿಯಾಗಿದೆ, ಇನ್ನೊಂದ್ಸಲ ನೋಡಿ ಅಂತ. ನೀವು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಿ ಕಣಮ್ಮ."

ಹೇಳಲಿಲ್ಲ. ಅಧ್ಯಕ್ಷರು ದಿನಾ ಸಿಗುತ್ತಿದ್ದರು. ದಿನಾ ಮಳೆಯ ಮಾತಾಡಿದೆವು.

ಹೆಂಡತಿಗೆ ಇದನ್ನು ಹೇಳಿದ್ದು ಎರಡು ವರ್ಷದ ಮೇಲೆ, ಅವಳು ಅವರೆಕಾಯಿ ಬಿಡಿಸುತ್ತಿದ್ದಾಗ. ಕೈ ನಿಲ್ಲಿಸದೆ ಕೇಳಿದಳು, "ಆ ಹುಡುಗಿ ನಿಮ್ಮತ್ರ ಕ್ಷಮೆ ಕೇಳಿದ್ಲಾ?"

"ಹೂಂ."

"ನೀವು ಕೊಟ್ರಾ?"

"ಹೂಂ."

"ನಿಮ್ಮತ್ರ ಅಷ್ಟೊಂದು ಸ್ಟಾಕ್ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ. ಮನೇಲಿ ಒಂದಿನಾನೂ ಕಂಡಿಲ್ಲ."

ನಾನೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿದೆ.

ಹಲಗೆಯೂ ಉಳಿಯಲಿಲ್ಲ. ಈಗ ಎಲ್ಲ ತೋಟದವರೂ ಮೊಬೈಲಿನ ಗುಂಪಿಗೆ ತಮ್ಮ ತಮ್ಮ ಸೆಂಟು ತಾವೇ ಹಾಕುತ್ತಾರೆ. ಮಳೆ ಇಲ್ಲದ ದಿನ ಸೊನ್ನೆ ಒತ್ತಿ ಪಕ್ಕದಲ್ಲಿ ಅಳುವ ಮುಖದ ಚಿತ್ರ ಹಾಕುತ್ತಾರೆ. ಅಷ್ಟು ಸೊನ್ನೆ ಬಿದ್ದರೂ ಹೂಮಳೆ ತನ್ನ ಪಾಡಿಗೆ ಬರುತ್ತಿದೆ. ಹಲಗೆ ಸಂಘದ ಅಡುಗೆಮನೆಯಲ್ಲಿದೆ, ಅದರ ಮೇಲೆ ಊಟದ ಪಟ್ಟಿ ಬರೆಯುತ್ತಾರೆ. ನಾನು ಮನೆಯಲ್ಲಿದ್ದೇನೆ.

ಆ ಹುಡುಗಿ ಊರು ಬಿಟ್ಟು ಹೋಗಲಿಲ್ಲ. ಮಡಿಕೇರಿಯ ಬಸ್ ನಿಲ್ದಾಣದ ಕೆಳಗೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾಳೆ. ಜನರ ಅರ್ಜಿ ತುಂಬಿಸುತ್ತಾಳೆ, ಮದುವೆ ಕಾಗದ ಟೈಪ್ ಮಾಡುತ್ತಾಳೆ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ತಾಯಿಯ ಹತ್ತಿರ ಹೋಗುತ್ತಾಳೆ. ಅಷ್ಟು ಮಾತ್ರ ಅವಳಂದುಕೊಂಡ ಹಾಗೆ ಆಯಿತು. ನನಗೆ ಪೆನ್ಶನ್ನಿನ ಕಾಗದ ಜೆರಾಕ್ಸ್ ಮಾಡಿಸಬೇಕಾದಾಗ ಮಂಡಿನೋವು ಇಟ್ಟುಕೊಂಡು ಗುಡ್ಡದ ಮೇಲಿನ ಇನ್ನೊಂದು ಅಂಗಡಿಗೆ ಹತ್ತಿಹೋಗುತ್ತೇನೆ. ಆಟೋದವರು ಯಾಕೆ ಎಂದು ಕೇಳಿದರೆ ವ್ಯಾಯಾಮ ಅನ್ನುತ್ತೇನೆ.

ಹಿರಿಯರೆಲ್ಲ ನಿಮ್ಮ ನೆನಪುಗಳನ್ನು ಬರೆದುಕೊಡಿ, ಪುಸ್ತಕ ಮಾಡುತ್ತೇವೆ, ಆದರೆ ಟೈಪ್ ಮಾಡಿಸಿಯೇ ಕೊಡಬೇಕು ಎಂದು ಸಂಘದವರು ಕೇಳಿದ್ದಾರೆ. ಮೇಲಿನ ಅಂಗಡಿಯವನಿಗೆ ಕನ್ನಡ ಟೈಪ್ ಬರುವುದಿಲ್ಲ. ಒತ್ತಕ್ಷರ ಬಂದರೆ ಕೈಬಿಡುತ್ತಾನೆ. ಕನ್ನಡವನ್ನು ತಪ್ಪಿಲ್ಲದೆ ಟೈಪ್ ಮಾಡುವವರು ಈ ಪೇಟೆಯಲ್ಲಿ ಒಬ್ಬರೇ ಎಂದು ಎಲ್ಲರೂ ಹೇಳುತ್ತಾರೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಈ ಹಾಳೆಗಳನ್ನು ಕವರಿನಲ್ಲಿ ಹಾಕಿ, ಕೆಳಗಿನ ಅಂಗಡಿಯಲ್ಲಿ ಅವಳ ಕೌಂಟರಿನ ಮೇಲಿಟ್ಟು, ನಾಳೆ ಬರುತ್ತೇನೆಂದು ಹೇಳಿ ಹೊರಟುಬಿಡುತ್ತೇನೆ. ನಾಳೆ ಹೋಗಬೇಕು. ಅದನ್ನು ಮಾತ್ರ ಮುಂದೂಡುವ ಹಾಗಿಲ್ಲ.

ನಾನು ಕ್ಷಮೆ ಕೇಳಬೇಕಿದ್ದೂ ಕೇಳದೆ ಉಳಿಸಿಕೊಂಡವರು ಒಬ್ಬರೇ. ಅವರ ಹೆಸರಿನ ಜಾಗವನ್ನು ಹಳೆಯ ಚಾಳಿಯಂತೆ ಇಲ್ಲಿ ಖಾಲಿ ಬಿಟ್ಟಿದ್ದೇನೆ. ಈ ಸಾಲನ್ನು ಈಗ ಟೈಪ್ ಮಾಡುತ್ತಿರುವವರು ಅದನ್ನು ತುಂಬಿಕೊಳ್ಳಲಿ. ಅದು ಅವರದೇ ಹೆಸರು.